ಸಾಹಿತ್ಯ, ಕಲೆ, ತತ್ವಶಾಸ್ತ್ರ ಮೂರನ್ನೂ ಸೇರಿಸಿ ಸ್ನಾತಕೋತ್ತರ ಓದು ಮಾಡುವುದು ಹೇಗೆ

ಸಾಹಿತ್ಯದಲ್ಲಿ ಎಂ.ಎ. ಮಾಡುವುದಾ, ಕಲಾ ಇತಿಹಾಸದಲ್ಲಾ, ತತ್ವಶಾಸ್ತ್ರದಲ್ಲಾ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಮೂರೂ ಬೇಕು ಅಂತ ತೀರ್ಮಾನಿಸಿದ್ದೀರಾ? ಒಳ್ಳೆಯದು, ಆಗುವ ಕೆಲಸವೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರೂ ನನಗಿಷ್ಟ ಅನ್ನುವುದಷ್ಟೇ ಸಾಲದು. ಒಂದೇ ವಿಭಾಗದಲ್ಲಿ ಕೂತು ಉತ್ತರ ಹುಡುಕಲು ಆಗದಂಥ ಪ್ರಶ್ನೆಯೊಂದು ನಿಮ್ಮ ಕೈಯಲ್ಲಿರಬೇಕು. ಅದಿಲ್ಲದೆ ಹೊರಟರೆ ಮೂರು ಕಡೆಯೂ ಮೇಲುಮೇಲಿನ ಓದೇ ಆಗುತ್ತದೆ, ಎರಡು ವರ್ಷ ಹೇಗೆ ಕಳೆಯಿತೋ ಗೊತ್ತಾಗುವುದಿಲ್ಲ.

ನನಗೆ ಇದು ತಿಳಿದದ್ದು ತಡವಾಗಿ. ನಾನು ಬರೆದ ಮೊದಲ ಸಿನಾಪ್ಸಿಸ್, ಅಂದರೆ ಸಂಶೋಧನೆಗೆ ಮುನ್ನ ಕೊಡುವ ಪ್ರಸ್ತಾವ, ಅದರ ಹೆಸರು "ಸಾಹಿತ್ಯ, ಕಲೆ ಮತ್ತು ತತ್ವಶಾಸ್ತ್ರದಲ್ಲಿ ಕಾಲದ ಪರಿಕಲ್ಪನೆ". ಹನ್ನೆರಡು ಪುಟ ಬರೆದಿದ್ದೆ, ಹತ್ತಾರು ಚಿಂತಕರ ಹೆಸರು ಹಾಕಿದ್ದೆ. ಗೈಡ್ ಆಗಲಿದ್ದ ಮೇಡಂ ಪೂರ್ತಿ ಓದಿದರು. ಆಮೇಲೆ ಕೇಳಿದ್ದು ಎರಡೇ ಮಾತು: "ಯಾವ ಪದ್ಯ? ಯಾವ ಚಿತ್ರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಯಾರಾದರೂ ತಮ್ಮ ಸಿನಾಪ್ಸಿಸ್ ತೋರಿಸಿದರೆ ನಾನು ಮೊದಲು ಕೇಳುವುದು ಅದನ್ನೇ.

ಹಾಗಾಗಿ ದೊಡ್ಡ ಪದಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಾಲ, ಸೌಂದರ್ಯ, ದೇಹ, ಅಸ್ಮಿತೆ, ಇವೆಲ್ಲ ಆಮೇಲೆ ತಾವಾಗಿಯೇ ಬರುತ್ತವೆ. ಕೈಗೆ ಸಿಗುವಂಥ ಸಣ್ಣದೊಂದನ್ನು ಹಿಡಿಯಿರಿ. ಒಂದು ಪದ್ಯ, ಒಂದು ಚಿತ್ರ, ಒಂದು ಪುಟದ ವಾದ. ಇನ್ನೂ ಸಣ್ಣದಾದರೂ ಪರವಾಗಿಲ್ಲ, ಒಂದು ಉಪಮೆ ಸಾಕು.

ಒಂದು ಉಪಮೆಯಿಂದ ಏನಾದೀತು ಅನ್ನುತ್ತೀರಾ? ಚಿತ್ರದ ಕುದುರೆಯನ್ನೇ ನೋಡಿ. ನಾಟಕ ನೋಡುತ್ತಾ ಕೂತಿದ್ದೀರಿ, ರಂಗದ ಮೇಲೆ ರಾಮನ ವೇಷದ ನಟ ಬಂದಿದ್ದಾನೆ. ಆಗ ನಿಮ್ಮೊಳಗೆ ಹುಟ್ಟುವ ಅರಿವು ಎಂಥದ್ದು? "ಇವನೇ ರಾಮ" ಅನ್ನುವ ನಿಜವಾದ ತಿಳಿವಳಿಕೆ ಅಲ್ಲ. ರಾಮ ಅಂದುಕೊಂಡು ಆಮೇಲೆ ಅಲ್ಲ ಅಂತ ಗೊತ್ತಾಗುವ ಭ್ರಮೆಯೂ ಅಲ್ಲ. "ರಾಮನೋ ಅಲ್ಲವೋ" ಅನ್ನುವ ಸಂಶಯ ಅಲ್ಲ, "ರಾಮನ ಥರ ಇದ್ದಾನೆ" ಅನ್ನುವ ಹೋಲಿಕೆಯೂ ಅಲ್ಲ. ಇವು ನಾಲ್ಕೂ ಅಲ್ಲದ ಐದನೆಯ ಬಗೆ ಅದು, ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ನಾವು ಸಲೀಸಾಗಿ "ಕುದುರೆ" ಅನ್ನುತ್ತೇವಲ್ಲ ಹಾಗೆ, ಅಂದವನು ಹಳೆಯ ಸಂಸ್ಕೃತ ಕಾವ್ಯಚಿಂತಕ ಶಂಕುಕ. ಇದೇ ಚಿತ್ರತುರಗ ನ್ಯಾಯ, ಅಂದರೆ ಚಿತ್ರದ ಕುದುರೆಯ ದೃಷ್ಟಾಂತ. ಅವನು ಬರೆದದ್ದು ಉಳಿದಿಲ್ಲ. ಭರತನ ನಾಟ್ಯಶಾಸ್ತ್ರದ ಮೇಲೆ ಅಭಿನವಗುಪ್ತ ಬರೆದ ಅಭಿನವಭಾರತಿ ಅನ್ನುವ ವ್ಯಾಖ್ಯಾನದಲ್ಲಿ ಅವನ ಮಾತು ಪೂರ್ವಪಕ್ಷವಾಗಿ, ಅಂದರೆ ಖಂಡಿಸುವ ಮೊದಲು ಎತ್ತಿ ಹೇಳುವ ಎದುರಾಳಿಯ ವಾದವಾಗಿ, ಬರುತ್ತದೆ, ಅಲ್ಲಿಂದಲೇ ನಮಗೆ ಗೊತ್ತು.

ಈಗ ಗಮನಿಸಿ. ಪ್ರಶ್ನೆ ಹುಟ್ಟಿದ್ದು ನಾಟಕದಲ್ಲಿ. ಉಪಮೆ ಬಂದದ್ದು ಚಿತ್ರಕಲೆಯಿಂದ. ನಿಜ, ಭ್ರಮೆ, ಸಂಶಯ, ಹೋಲಿಕೆ ಅನ್ನುವ ವಿಂಗಡಣೆ ಜ್ಞಾನದ ತತ್ವಶಾಸ್ತ್ರದ್ದು. ಸಾಹಿತ್ಯದ ವಿದ್ಯಾರ್ಥಿ ಇದನ್ನು ರಸಾನುಭವ ಹೇಗಾಗುತ್ತದೆ ಅನ್ನುವ ನಾಲ್ಕು ರಸವಾದಗಳಲ್ಲಿ ಒಂದು ಅಂತ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದುಬಿಡಬಹುದು. ತತ್ವಶಾಸ್ತ್ರದವರು ಪ್ರಮಾಣಗಳ, ಅಂದರೆ ತಿಳಿವಳಿಕೆಯ ಸಾಧನಗಳ, ಚರ್ಚೆಗೆ ಇಳಿದು ನಟನನ್ನೇ ಮರೆಯಬಹುದು. ಕಲೆಯವರು ಮಾತ್ರ ಕೇಳಬಲ್ಲ ಪ್ರಶ್ನೆಯೂ ಒಂದಿದೆ: ಎಂಥ ಚಿತ್ರ ಅದು? ಬರೀ ಗೆರೆಯಲ್ಲಿ ಬರೆದ ಕುದುರೆಗೂ ಬಣ್ಣ ತುಂಬಿದ ಕುದುರೆಗೂ ಈ ಮಾತು ಒಂದೇ ಥರ ಹೊಂದುತ್ತದಾ? ನಟನಿಗೆ ಉಸಿರಿದೆ, ಬಣ್ಣಕ್ಕೆ ಇಲ್ಲ, ಹಾಗಿದ್ದರೆ ಉಪಮೆ ಎಲ್ಲಿಗೆ ನಿಲ್ಲುತ್ತದೆ? ಅಭಿನವಗುಪ್ತನ ಗುರು ಭಟ್ಟತೌತನೂ ಶಂಕುಕನ ವಾದವನ್ನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನುವುದನ್ನು ಸರಿಯಾಗಿ ಬಿಡಿಸಿದರೆ ಅದೊಂದೇ ಎಂ.ಎ. ಪ್ರಬಂಧಕ್ಕೆ ಸಾಕು.

ನಿಮ್ಮ ವಿಷಯಕ್ಕೂ ಒಂದು ಪರೀಕ್ಷೆ ಮಾಡಿ. ಪ್ರಶ್ನೆಯಿಂದ ಒಂದು ಶಿಸ್ತನ್ನು, ಅಂದರೆ ಒಂದು ಅಧ್ಯಯನ ಕ್ಷೇತ್ರವನ್ನು, ತೆಗೆದುಹಾಕಿ ನೋಡಿ. ಚಿತ್ರವನ್ನು ತೆಗೆದರೂ ಪ್ರಶ್ನೆ ಅಲುಗಾಡದೆ ನಿಂತರೆ ಚಿತ್ರ ಅಲ್ಲಿ ಅಲಂಕಾರಕ್ಕೆ ಕೂತಿದೆ ಅಂತ ಅರ್ಥ. ಆಗ ಎರಡರಲ್ಲೇ ಓದಿ, ತಪ್ಪೇನಿಲ್ಲ. ಮೂರೂ ಇದ್ದರೆ ಘನತೆ ಜಾಸ್ತಿ ಅನ್ನುವ ಭಾವನೆ ಬೇಡ.

ಮೂರು ಬಗೆಯ ಓದನ್ನು ಬೇರೆಬೇರೆಯಾಗಿ ಕಲಿಯಿರಿ

ಸೇರಿಸಿ ಓದುವವರು ಮಾಡುವ ದೊಡ್ಡ ತಪ್ಪು ಅಂದರೆ ಎಲ್ಲವನ್ನೂ ಒಂದೇ ರೀತಿ ಓದುವುದು. ಪದ್ಯವನ್ನು ವಾದದ ಹಾಗೆ ಓದಿ ಸಾರಾಂಶ ತೆಗೆಯುತ್ತಾರೆ. ವಾದವನ್ನು ಪದ್ಯದ ಹಾಗೆ ಓದಿ ಚೆಂದದ ಸಾಲು ಹೆಕ್ಕುತ್ತಾರೆ. ಚಿತ್ರವನ್ನು ನೋಡುವುದೇ ಇಲ್ಲ, ಅದರ ಬಗ್ಗೆ ಬರೆದದ್ದನ್ನು ಓದುತ್ತಾರೆ.

ವಾದ ಓದುವಾಗ ಪೆನ್ನು ಹಿಡಿದು ಕೂರಿ. ಲೇಖಕ ಏನನ್ನು ಸಾಧಿಸಲು ಹೊರಟಿದ್ದಾನೆ ಅನ್ನುವುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ, ಅದಕ್ಕೆ ಕೊಟ್ಟ ಕಾರಣಗಳನ್ನು ಒಂದೊಂದಾಗಿ ಕೆಳಗೆ ಬರೆಯಿರಿ, ಯಾವ ಕಾರಣ ಬಿದ್ದರೆ ಇಡೀ ವಾದ ಬೀಳುತ್ತದೆ ಅಂತ ಗುರುತು ಹಾಕಿ. ನಿಮಗೆ ಒಪ್ಪಿಗೆ ಇಲ್ಲದ ವಾದವನ್ನು ಅದರ ಪರವಾಗಿ ನಿಂತು ಬರೆಯಲು ಬಂದರೆ ಓದಿದ್ದೀರಿ ಅಂತ ಅರ್ಥ. ಪದ್ಯವನ್ನು ಗಟ್ಟಿಯಾಗಿ ಓದಿ, ಕೈಯಲ್ಲಿ ನಕಲು ಮಾಡಿ. ನಕಲು ಮಾಡುವಾಗ ಕೈ ತಪ್ಪುವ ಜಾಗ, ಅಂದರೆ ನೀವು ಒಂದು ಪದ ಬರೆಯಲು ಹೊರಟು ಕವಿ ಇನ್ನೊಂದು ಬರೆದಿರುವ ಜಾಗ, ಅಲ್ಲೇ ಏನೋ ಇದೆ.

ಚಿತ್ರಕ್ಕೆ ಸಮಯ ಕೊಡಬೇಕು, ಬೇರೆ ದಾರಿ ಇಲ್ಲ. ಹಾರ್ವರ್ಡ್‌ನಲ್ಲಿ ಕಲಾ ಇತಿಹಾಸ ಕಲಿಸುವ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳನ್ನು ಒಂದೇ ಚಿತ್ರದ ಮುಂದೆ ಮೂರು ಗಂಟೆ ಕೂರಿಸುತ್ತಾರೆ. ಅವರೂ ಒಮ್ಮೆ, ಅಮೆರಿಕದ ಚಿತ್ರಕಾರ ಕಾಪ್ಲಿ 1765ರಲ್ಲಿ ಬರೆದ, ಅಳಿಲು ಸಾಕಿದ ಹುಡುಗನ ಚಿತ್ರದ ಮುಂದೆ ಹಾಗೆ ಕೂತಿದ್ದರು. ಹುಡುಗನ ಕಿವಿಯ ಆಕಾರ ಅಳಿಲಿನ ಹೊಟ್ಟೆಯ ಬಿಳಿ ರೋಮದಂಚನ್ನೇ ಹೋಲುತ್ತದೆ ಅಂತ ಕಾಣಲು ಅವರಿಗೆ 9 ನಿಮಿಷ ಬೇಕಾಯಿತು. ಹಿಂದಿನ ಪರದೆಯ ಮಡಿಕೆಗಳಲ್ಲಿ ಕಿವಿ, ಕಣ್ಣಿನ ಆಕಾರವೇ ಮತ್ತೆ ಬಂದಿದೆ ಅಂತ ಗೊತ್ತಾಗಲು 45 ನಿಮಿಷ. ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಕಣ್ಣಿಗೇ ಅಷ್ಟು ಹೊತ್ತು ಹಿಡಿಯಿತು. ನಾವು ಫೋನಿನಲ್ಲಿ ಐದು ಸೆಕೆಂಡ್ ನೋಡಿ ಪ್ಯಾರಾ ಬರೆಯಲು ಹೋಗುತ್ತೇವಲ್ಲ, ಅದು ಬೇಡ.

ನೋಡುವಾಗ ಏನು ಬರೆಯಬೇಕು ಅಂದರೆ, ಮೊದಲ ಒಂದು ಗಂಟೆ ಅರ್ಥದ ಬಗ್ಗೆ ಒಂದು ಪದವೂ ಬೇಡ. ಎಡಗಡೆ ಏನಿದೆ, ಬೆಳಕು ಎಲ್ಲಿಂದ, ಯಾವ ಬಣ್ಣ ಎಷ್ಟು ಸಲ ಬಂದಿದೆ, ಯಾರು ಯಾರನ್ನು ನೋಡುತ್ತಿದ್ದಾರೆ, ಅಷ್ಟೇ. ಜೊತೆಗೆ ಅಳತೆ ಬರೆದುಕೊಳ್ಳಿ. ಫ್ರೆಂಚ್ ಚಿಂತಕ ಫೂಕೋ 1966ರ ತನ್ನ ಪುಸ್ತಕವನ್ನು ಶುರು ಮಾಡಿದ್ದು ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ಲಾಸ್ ಮೆನಿನಾಸ್ ಚಿತ್ರದಿಂದ. ಅದು ಮೂರು ಮೀಟರಿಗಿಂತ ಎತ್ತರ, ಎದುರಿಗೆ ನಿಂತರೆ ನೀವೂ ಚಿತ್ರದಲ್ಲಿರುವ ಅರಮನೆಯ ಕೋಣೆಯೊಳಗೆ ನಿಂತ ಹಾಗಿರುತ್ತದೆ, ಫೂಕೋನ ವಾದವೆಲ್ಲ ನೋಡುವವನ ಆ ಜಾಗದ ಮೇಲೆ ನಿಂತಿದೆ. ವ್ಯಾನ್ ಗಾಗ್‌ನ ಹಳೇ ಬೂಟುಗಳ ಚಿತ್ರ ಅರ್ಧ ಮೀಟರ್ ಅಗಲವೂ ಇಲ್ಲ. ಫೋನಿನಲ್ಲಿ ಎರಡೂ ಒಂದೇ ಸೈಜು.

ಆ ಬೂಟುಗಳ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೂರೂ ಓದು ಒಂದಕ್ಕೊಂದು ಹೇಗೆ ಬೇಕಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕಲಾಕೃತಿಯ ಮೂಲ ಯಾವುದು ಅನ್ನುವ ಬಗ್ಗೆ ಜರ್ಮನ್ ತತ್ವಜ್ಞಾನಿ ಹೈಡೆಗರ್ 1935ರಿಂದ ಉಪನ್ಯಾಸ ಕೊಟ್ಟ, 1950ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ವ್ಯಾನ್ ಗಾಗ್ ಬರೆದ ಬೂಟುಗಳನ್ನು ಹೊಲದಲ್ಲಿ ದುಡಿಯುವ ಹೆಂಗಸಿನ ಬೂಟು ಅಂದುಕೊಂಡು, ಅವಳ ಇಡೀ ಲೋಕವೇ ಆ ಚಿತ್ರದಲ್ಲಿ ತೆರೆದುಕೊಳ್ಳುತ್ತದೆ ಅನ್ನುತ್ತಾನೆ. ಕಲಾ ಇತಿಹಾಸಕಾರ ಮೇಯರ್ ಶಪೀರೋ ಅವನಿಗೆ ಕಾಗದ ಬರೆದು, ವ್ಯಾನ್ ಗಾಗ್ ಇಂಥ ಚಿತ್ರ ಹಲವು ಬರೆದಿದ್ದಾನೆ, ನೀವು ಹೇಳುತ್ತಿರುವುದು ಯಾವುದು ಅಂತ ಕೇಳಿದ. 1930ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೋಡಿದ್ದು ಅಂತ ಉತ್ತರ ಬಂತು. ಅದನ್ನು ಹಿಡಿದು ಹುಡುಕಿ ಶಪೀರೋ 1968ರಲ್ಲಿ ಬರೆದ: ಇವು ರೈತ ಹೆಂಗಸಿನವಲ್ಲ, ಆಗ ಪೇಟೆಯಲ್ಲಿ ವಾಸವಾಗಿದ್ದ ವ್ಯಾನ್ ಗಾಗ್‌ನವೇ. ಆಮೇಲೆ 1978ರಲ್ಲಿ ಫ್ರೆಂಚ್ ತತ್ವಜ್ಞಾನಿ ದೆರಿದಾ ಇಬ್ಬರನ್ನೂ ಕೇಳಿದ: ಅಲ್ಲ, ಇವು ಒಂದು ಜೊತೆ ಅಂತಾದರೂ ನಿಮಗೆ ಯಾರು ಹೇಳಿದರು?

ಇಲ್ಲಿ ಸುಮಾರು ಜನ "ತತ್ವಜ್ಞಾನಿ ಸರಿಯಾಗಿ ನೋಡಲಿಲ್ಲ, ಇತಿಹಾಸಕಾರ ನೋಡಿದ" ಅಂತ ಬರೆದು ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಹೈಡೆಗರ್‌ನ ಆ ಪುಟವನ್ನೇ ಸಾಹಿತ್ಯದವರ ಹಾಗೆ ಸಾಲು ಸಾಲಾಗಿ ಓದಿ. ಚಿತ್ರದ ಬೂಟುಗಳಿಗೆ ಹೊಲದ ಮಣ್ಣಿನ ಒಂದು ಹೆಂಟೆಯೂ ಅಂಟಿಲ್ಲ ಅಂತ ಅವನೇ ಮೊದಲು ಹೇಳುತ್ತಾನೆ. ಕೆಲವೇ ಸಾಲು ಆದಮೇಲೆ ಆ ಚರ್ಮದ ಮೇಲೆ ನೆಲದ ತೇವ ಇದೆ ಅನ್ನುತ್ತಾನೆ. ಎರಡು ಸಾಲಿನ ನಡುವೆ ಏನಾಯಿತು? ಗದ್ಯದ ಲಯವೇ ಬದಲಾಗಿದೆ, ವಿವರಿಸುತ್ತಿದ್ದವನು ಕವಿಯ ಹಾಗೆ ಮಾತಾಡಲು ತೊಡಗಿದ್ದಾನೆ. ಬೂಟು ಯಾರದ್ದು ಅನ್ನುವ ಶಪೀರೋನ ಉತ್ತರ ಸರಿಯೇ ಇದ್ದರೂ, ಕಲಾಕೃತಿ ಒಂದು ಲೋಕವನ್ನು ತೆರೆದಿಡುತ್ತದೆ ಅನ್ನುವ ಮೂಲ ವಾದ ಅದರಿಂದ ಬೀಳುತ್ತದಾ? ಉದಾಹರಣೆ ತಪ್ಪಾದರೆ ವಾದ ತಪ್ಪಾಗುತ್ತದಾ, ಅಥವಾ ಈ ವಾದದಲ್ಲಿ ಉದಾಹರಣೆಯೇ ಸಾಕ್ಷಿಯಾ? ಇದನ್ನು ತೂಗಲು ತತ್ವಶಾಸ್ತ್ರ ಬೇಕು, ಆ ಎರಡು ಸಾಲು ಕಾಣಲು ಸಾಹಿತ್ಯ ಬೇಕು, ಯಾವ ಚಿತ್ರ ಅಂತ ಪಟ್ಟು ಹಿಡಿಯಲು ಕಲಾ ಇತಿಹಾಸ ಬೇಕು. ಸೇರಿಸಿ ಓದುವುದು ಅಂದರೆ ಇದು.

ಸಿನಾಪ್ಸಿಸ್ ಬರೆಯುವಾಗ

"ಸಾಹಿತ್ಯ ಮತ್ತು ಚಿತ್ರಕಲೆಯಲ್ಲಿ ನೋವಿನ ನಿರೂಪಣೆ: ಒಂದು ತಾತ್ವಿಕ ಅಧ್ಯಯನ." ಇಂಥ ಹೆಸರು ಕಂಡರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಅದೇ ಆಸಕ್ತಿಯನ್ನು ಹೀಗೆ ಶುರು ಮಾಡಿ ನೋಡಿ. ರೋಮನ್ ಕವಿ ಓವಿಡ್ ಹೇಳುವ ಕಥೆಯಲ್ಲಿ ಡೀಡಲಸ್, ಅವನ ಮಗ ಇಕಾರಸ್ ಇಬ್ಬರೂ ರೆಕ್ಕೆ ಕಟ್ಟಿಕೊಂಡು ಹಾರುತ್ತಾರೆ, ಮಗ ಕೊನೆಗೆ ಕಡಲಿಗೆ ಬೀಳುತ್ತಾನೆ. ಅವರು ಹಾರುವುದನ್ನು ಮೀನು ಹಿಡಿಯುವವನು, ಕುರುಬ, ಉಳುವವನು ತಲೆಯೆತ್ತಿ ನೋಡಿ, ಇವರು ದೇವರೇ ಇರಬೇಕು ಅಂತ ಬೆರಗಾಗುತ್ತಾರೆ. ಚಿತ್ರಕಾರ ಬ್ರೂಗಲ್ ಹೆಸರಿನಲ್ಲಿ ಬ್ರಸಲ್ಸ್‌ನಲ್ಲಿರುವ ಚಿತ್ರದಲ್ಲಿ ಅದೇ ಮೂವರಿದ್ದಾರೆ, ಆದರೆ ಉಳುವವನ ಕಣ್ಣು ನೆಲದ ಮೇಲೆ, ಮೀನು ಹಿಡಿಯುವವನು ತನ್ನ ಪಾಡಿಗೆ ತಾನಿದ್ದಾನೆ, ಕುರುಬ ಆಕಾಶ ನೋಡುತ್ತಿದ್ದರೂ ಹುಡುಗ ಬಿದ್ದ ಕಡೆಗೆ ಬೆನ್ನು. ಬಲಗಡೆ ಮೂಲೆಯ ನೀರಿನಲ್ಲಿ ಎರಡು ಕಾಲು ಮಾತ್ರ ಕಾಣುತ್ತವೆ. 1938ರಲ್ಲಿ ಇಂಗ್ಲಿಷ್ ಕವಿ ಆಡೆನ್ ಈ ಚಿತ್ರದ ಮೇಲೆ ಪದ್ಯ ಬರೆದ. ಕಥೆಯ ಬೆರಗು ಚಿತ್ರದಲ್ಲಿ ಅಲಕ್ಷ್ಯ ಆದದ್ದು ಹೇಗೆ? ಇನ್ನೊಬ್ಬರ ನೋವು ಕಣ್ಣಿಗೆ ಬೀಳದೇ ಹೋಗುವುದು ತಪ್ಪಾ, ಅಥವಾ ಬರೀ ದಿನದ ಕೆಲಸವಾ? ಗಮನ ಕೊಡುವುದೇ ನೈತಿಕತೆಯ ಬುಡ ಅನ್ನುವಂಥ ಫ್ರೆಂಚ್ ಚಿಂತಕಿ ಸಿಮೋನ್ ವೇಯ್ಲ್ ಅವರ ಬರಹಗಳ ಪಕ್ಕದಲ್ಲಿ ಆ ಉಳುವವನನ್ನು ಇಟ್ಟರೆ ಏನಾಗುತ್ತದೆ?

ಇಷ್ಟು ಬರೆದರೆ ಗೈಡ್‌ಗೆ ಕೆಲಸ ಶುರುವಾಗಿದೆ ಅಂತ ಗೊತ್ತಾಗುತ್ತದೆ. ಇನ್ನೊಂದು ಗಂಟೂ ಇದರೊಳಗೇ ಇದೆ. ಈ ಚಿತ್ರ ಬ್ರೂಗಲ್‌ನ ಕೈಯದ್ದೇ ಅಲ್ಲ, ಅವನ ಮೂಲದ ನಕಲಿರಬಹುದು ಅಂತ ಅನೇಕ ತಜ್ಞರು ಈಗ ಹೇಳುತ್ತಾರೆ. ಹಾಗಿದ್ದರೆ ಉಳುವವನ ತಲೆ ಬಗ್ಗಿಸಿದ್ದು ಯಾರ ತೀರ್ಮಾನ? ಬರೆದವನ ಉದ್ದೇಶವನ್ನು ಹಿಡಿದು ಕೃತಿಯನ್ನು ಅಳೆಯಬಾರದು ಅಂತ 1946ರಲ್ಲಿ ವಿಮ್‌ಸಾಟ್, ಬಿಯರ್ಡ್‌ಸ್ಲಿ ಸೇರಿ ಬರೆದ ಲೇಖನ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಅವರಲ್ಲಿ ಒಬ್ಬ ಸಾಹಿತ್ಯದವನು, ಇನ್ನೊಬ್ಬ ತತ್ವಶಾಸ್ತ್ರದವನು. ಒಬ್ಬನೇ ಕೂತು ಬರೆದಿದ್ದರೆ ಆ ಲೇಖನ ಅಷ್ಟು ಬಿಗಿಯಾಗಿ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ವಿಭಾಗ, ಗೈಡ್, ಭಾಷೆ

ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ. ಅಂತರಶಿಸ್ತೀಯ ಅಂತ ಹೆಸರಿದ್ದರೂ ಪ್ರತಿ ಕೋರ್ಸಿಗೆ ಒಂದು ತವರು ಇರುತ್ತದೆ, ಕೊನೆಗೆ ಡಿಗ್ರಿ ಮೇಲೆ ಯಾವ ವಿಭಾಗದ ಹೆಸರು ಬರುತ್ತದೆ ಅನ್ನುವುದನ್ನು ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ. ಮುಂದೆ ಪಾಠ ಹೇಳುವ ಕೆಲಸ ಬೇಕೆಂದಿದ್ದರೆ ಇದು ಸಣ್ಣ ವಿಷಯ ಅಲ್ಲ, ಬಹಳಷ್ಟು ಕಡೆ ಹುದ್ದೆಗಳು ಒಂದೊಂದು ವಿಷಯದ ಹೆಸರಿನಲ್ಲೇ ಕರೆಯಲ್ಪಡುತ್ತವೆ. ಅಲ್ಲಿ ಈಚೆಗೆ ಮುಗಿದ ನಾಲ್ಕೈದು ಥೀಸಿಸ್ ತೆಗೆದು ಪರಿವಿಡಿ ನೋಡಿ. ನಿಜವಾಗಿ ಮೂರು ಕಡೆ ಕೆಲಸ ಮಾಡಿದ್ದಾರಾ, ಇಲ್ಲ ಒಂದೇ ಕಡೆ ನಿಂತು ಉಳಿದದ್ದಕ್ಕೆ ಕೈಬೀಸಿದ್ದಾರಾ ಅನ್ನುವುದು ಪರಿವಿಡಿಯಲ್ಲೇ ತಿಳಿಯುತ್ತದೆ. ಚಿಕಾಗೋ ವಿಶ್ವವಿದ್ಯಾಲಯದ ಕಮಿಟಿ ಆನ್ ಸೋಷಿಯಲ್ ಥಾಟ್ ಅನ್ನುವ ವಿಭಾಗ 1941ರಿಂದ ಹೀಗೆ ಹಲವು ಕ್ಷೇತ್ರ ಸೇರಿಸಿ ಓದಿಸುವ ಕೆಲಸ ಮಾಡುತ್ತಾ ಬಂದಿದೆ. ಅಲ್ಲಿ ವಿದ್ಯಾರ್ಥಿ ಬೇರೆಬೇರೆ ಕ್ಷೇತ್ರದ ಕೆಲವೇ ಮೂಲಗ್ರಂಥಗಳ ಪಟ್ಟಿಯೊಂದನ್ನು ಮೇಷ್ಟ್ರುಗಳ ಜೊತೆ ಕೂತು ತಯಾರಿಸಿ, ಅವನ್ನು ಆಳವಾಗಿ ಓದಿ ಪರೀಕ್ಷೆ ಕೊಡಬೇಕು. ನೀವು ಎಲ್ಲೇ ಇರಿ, ಅಂಥ ಪಟ್ಟಿಯೊಂದನ್ನು ನಿಮಗಾಗಿ ನೀವೇ ಮಾಡಿಕೊಳ್ಳಬಹುದು. ಹತ್ತು ಹನ್ನೆರಡು ಸಾಕು.

ಗೈಡ್ ಒಬ್ಬರಿಗೆ ಮೂರೂ ಬರಬೇಕು ಅಂತೇನಿಲ್ಲ, ಅಂಥವರು ಸಿಗುವುದೂ ಅಪರೂಪ. ಒಂದನ್ನು ಚೆನ್ನಾಗಿ ಬಲ್ಲವರು, ಉಳಿದ ಎರಡರ ಬಗ್ಗೆ "ನನಗೆ ಗೊತ್ತಿಲ್ಲ, ಇಂಥವರ ಹತ್ತಿರ ಹೋಗು" ಅನ್ನುವವರು ಸಿಕ್ಕರೆ ಬಿಡಬೇಡಿ. ಇನ್ನೊಂದು ವಿಭಾಗದಿಂದ ಸಹ ಮಾರ್ಗದರ್ಶಕರನ್ನು ಮೊದಲ ವರ್ಷವೇ ಸೇರಿಸಿಕೊಳ್ಳಿ. ಕೊನೆಯ ಹಂತದಲ್ಲಿ ಸೇರಿದವರು ಮೊದಲಿಂದ ಶುರು ಮಾಡು ಅಂದರೆ ಕಷ್ಟ ನಿಮಗೇ, ಅಲ್ವಾ?

ಭಾಷೆಯ ಮಾತು ಎಲ್ಲರಿಗೂ ಬೇಸರ, ಆದರೂ ಹೇಳಲೇಬೇಕು. ನಿಮ್ಮ ಮುಖ್ಯ ಕೃತಿ ಯಾವ ಭಾಷೆಯಲ್ಲಿದೆಯೋ ಅದನ್ನು ನಿಘಂಟು ಹಿಡಿದು ಓದುವಷ್ಟಾದರೂ ಕಲಿಯಿರಿ. ಅರಿಸ್ಟಾಟಲ್‌ನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕದ ವ್ಯಾಖ್ಯೆಯೊಳಗೆ ಕಥಾರ್ಸಿಸ್ ಅನ್ನುವ ಪದ ಒಂದೇ ಸಲ ಬರುತ್ತದೆ, ಅದನ್ನು ಅವನು ಅಲ್ಲಿ ಬಿಡಿಸಿ ಹೇಳುವುದೂ ಇಲ್ಲ. ಒಬ್ಬ ಅನುವಾದಕ ಶುದ್ಧಿ ಅನ್ನುತ್ತಾನೆ, ಒಬ್ಬ ವಿರೇಚನ, ಇನ್ನೊಬ್ಬ ಸ್ಪಷ್ಟೀಕರಣ. ಯಾವ ಅನುವಾದ ಕೈಗೆ ಸಿಕ್ಕಿತೋ ಅದೇ ನಿಮ್ಮ ಥೀಸಿಸ್ ಆಗಿಬಿಡುತ್ತದೆ. ರಸ ಹೇಗೆ ಸಿದ್ಧಿಸುತ್ತದೆ ಅಂತ ಹೇಳುವ ಭರತನ ರಸಸೂತ್ರದ "ನಿಷ್ಪತ್ತಿ" ಅನ್ನುವ ಪದದ ಮೇಲೂ ಹೀಗೆಯೇ, ಉತ್ಪತ್ತಿಯಾ, ಅನುಮಿತಿಯಾ (ಊಹಿಸಿ ತಿಳಿಯುವುದು), ಭುಕ್ತಿಯಾ (ಸವಿಯುವುದು), ಅಭಿವ್ಯಕ್ತಿಯಾ ಅಂತ ಶತಮಾನಗಟ್ಟಲೆ ಚರ್ಚೆ ನಡೆಯಿತು.

ದಿನದ ಕೆಲಸ, ಆಮೇಲೆ ಬರವಣಿಗೆ

ಲೈಬ್ರರಿಯಲ್ಲಿ ಕ್ಯಾಟಲಾಗ್ ನೋಡಿ ಬೇಕಾದ ಪುಸ್ತಕ ಎತ್ತಿಕೊಂಡು ಬಂದುಬಿಡಬೇಡಿ, ಅದರ ಅಕ್ಕಪಕ್ಕದ ಪುಸ್ತಕಗಳನ್ನೂ ಕೈಗೆತ್ತಿಕೊಳ್ಳಿ. ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್ ತನ್ನ ಲೈಬ್ರರಿಯನ್ನು ಹಾಗೆಯೇ ಜೋಡಿಸಿದ್ದ. ನೀವು ಹುಡುಕಿ ಬಂದ ಪುಸ್ತಕಕ್ಕಿಂತ ಅದರ ನೆರೆಯ ಪುಸ್ತಕವೇ ನಿಮಗೆ ಹೆಚ್ಚು ಬೇಕಾದದ್ದಾಗಿರಬಹುದು ಅನ್ನುವುದು ಅವನ ಲೆಕ್ಕ. 1933ರಲ್ಲಿ ಆ ಲೈಬ್ರರಿ ಹ್ಯಾಂಬರ್ಗ್‌ನಿಂದ ಲಂಡನ್‌ಗೆ ಹೋಯಿತು, ಇವತ್ತಿಗೂ ಅಲ್ಲಿದೆ. ಮನೆಯಲ್ಲೇ ಕೂತು ಓದುವವರಿಗೂ ಈಗ ಅನುಕೂಲ ಇದೆ. ಸ್ಟ್ಯಾನ್‌ಫರ್ಡ್‌ನ ತತ್ವಶಾಸ್ತ್ರ ವಿಶ್ವಕೋಶ 1995ರಿಂದ ಆನ್‌ಲೈನ್‌ನಲ್ಲಿ ಉಚಿತ. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಿಂದ ಹಕ್ಕಿನ ತೊಡಕಿಲ್ಲದ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿದೆ. ಬೇರೆ ಕಡೆಯ ಚಿತ್ರ ಥೀಸಿಸ್‌ನಲ್ಲಿ ಅಚ್ಚು ಮಾಡಲು ಅನುಮತಿ ಬೇಕಾಗಬಹುದು, ಆ ಪತ್ರ ಬರೆಯುವುದನ್ನು ಕೊನೆಯ ತಿಂಗಳಿಗೆ ಇಡಬೇಡಿ.

ಬರೆಯಲು ಕೂತಾಗ ಅಧ್ಯಾಯ ಒಂದು ಸಾಹಿತ್ಯ, ಎರಡು ಕಲೆ, ಮೂರು ತತ್ವಶಾಸ್ತ್ರ ಅಂತ ಹಂಚಬೇಡಿ. ಹಾಗೆ ಹಂಚಿದರೆ ಮೂರು ಸಣ್ಣ ಪ್ರಬಂಧ ಆಗುತ್ತದೆ, ಅವು ಒಂದರ ಜೊತೆ ಇನ್ನೊಂದು ಮಾತಾಡುವುದಿಲ್ಲ. ಪ್ರಶ್ನೆ ಹೇಗೆ ಬೆಳೆಯುತ್ತದೋ ಹಾಗೆ ಅಧ್ಯಾಯ ಮಾಡಿ. ಬೂಟಿನ ವಿಷಯದಲ್ಲಾದರೆ "ಯಾರದ್ದು", "ಯಾರು ನೋಡಿದರು", "ನೋಡದೆ ಹೇಳಿದ್ದು ನಿಜವಾಗಬಹುದಾ", ಹೀಗೆ. ಪ್ರತಿ ಅಧ್ಯಾಯದಲ್ಲೂ ಮೂರು ಬಗೆಯ ಓದು ಬರಲಿ.

ಉಲ್ಲೇಖದ ಪದ್ಧತಿ ಮೂರು ಕಡೆಯೂ ಬೇರೆ ಬೇರೆ. ಪ್ಲೇಟೋನನ್ನು ಉಲ್ಲೇಖಿಸುವಾಗ ನಿಮ್ಮ ಕೈಯಲ್ಲಿರುವ ಪುಸ್ತಕದ ಪುಟಸಂಖ್ಯೆ ಸಾಲದು, 1578ರ ಸ್ಟೆಫಾನಸ್ ಆವೃತ್ತಿಯ ಸಂಖ್ಯೆ ಕೊಡಬೇಕು. ಅರಿಸ್ಟಾಟಲ್‌ಗೆ ಹಾಗೆಯೇ ಬೆಕ್ಕರ್ ಆವೃತ್ತಿಯ ಸಂಖ್ಯೆ, ಆ ಕಥಾರ್ಸಿಸ್ ಬರುವ ಜಾಗ 1449ಬಿ. ಪದ್ಯಕ್ಕೆ ಸಾಲಿನ ಸಂಖ್ಯೆ. ಚಿತ್ರಕ್ಕೆ ಕಲಾವಿದ, ವರ್ಷ, ಮಾಧ್ಯಮ, ಅಳತೆ, ಎಲ್ಲಿದೆ ಅನ್ನುವುದು. ಇದನ್ನು ಮೊದಲ ದಿನದಿಂದಲೇ ನೋಟ್ಸ್‌ನಲ್ಲಿ ಬರೆದುಕೊಂಡು ಹೋಗಿ. ಕೊನೆಗೆ ಹುಡುಕುತ್ತಾ ಕೂತರೆ ವಾರಗಟ್ಟಲೆ ಹೋಗುತ್ತದೆ.

ವೈವಾದಲ್ಲಿ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಯಲ್ಲಿ, ಸಾಮಾನ್ಯವಾಗಿ ಬೇರೆಬೇರೆ ಕಡೆಯಿಂದ ಬಂದವರು ಕೂತಿರುತ್ತಾರೆ, ಒಬ್ಬೊಬ್ಬರೂ ತಮ್ಮ ಮನೆಯ ಪ್ರಶ್ನೆಯನ್ನೇ ಕೇಳುತ್ತಾರೆ. ತತ್ವಶಾಸ್ತ್ರದವರು "ನಿಮ್ಮ ವಾದವನ್ನು ಎರಡು ವಾಕ್ಯದಲ್ಲಿ ಹೇಳಿ" ಅನ್ನುತ್ತಾರೆ, ಕಲೆಯವರು "ಮೂಲ ಚಿತ್ರ ನೋಡಿದ್ದೀರಾ, ಇಲ್ಲ ಪ್ರಿಂಟ್ ಮಾತ್ರವಾ" ಅಂತ ಕೇಳುತ್ತಾರೆ, ನೋಡಿಲ್ಲದಿದ್ದರೆ ನೋಡಿಲ್ಲ ಅಂತಲೇ ಹೇಳಿ, ಯಾವ ಪ್ರತಿ ಇಟ್ಟುಕೊಂಡು ಕೆಲಸ ಮಾಡಿದಿರಿ ಅಂತ ತಿಳಿಸಿ. ಸಾಹಿತ್ಯದವರು ಪದ್ಯದ ಒಂದು ಸಾಲು ಎತ್ತಿ "ಇದನ್ನು ಹೀಗೂ ಓದಬಹುದಲ್ಲ" ಅನ್ನುತ್ತಾರೆ. ಹೋಗುವಾಗ ಚಿತ್ರದ ದೊಡ್ಡ ಪ್ರಿಂಟ್ ಒಂದನ್ನೂ ಪದ್ಯದ ಪೂರ್ತಿ ಪಾಠವನ್ನೂ ಜೊತೆಗೆ ಒಯ್ಯಿರಿ. ಪ್ರಶ್ನೆ ಬಂದ ಕೂಡಲೇ ಥೀಸಿಸ್ ಪುಟ ತಿರುವುವುದರ ಬದಲು ಅವನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ತೋರಿಸಿ ಮಾತಾಡಿ.